ಜುಮ್ ಇಲ್ಲದ ಮಷೀನು

ನಮ್ಮ ಬಚ್ಚಲಿನ ಗೋಡೆ ಅರ್ಧ ಒಡೆದಿದ್ದಾಗ ಭಾಯಿಯ ಮಷೀನು ಸುಟ್ಟುಹೋಯಿತು. ಮೊದಲು ಸದ್ದು ನಿಂತಿತು, ಆಮೇಲೆ ವಾಸನೆ ಬಂತು. ಹೊರಕೋಣೆಯಲ್ಲಿ ಅಂದಿನ ಸುದ್ದಿ ಬರೆಯುತ್ತಿದ್ದ ನಾನು ಎದ್ದು ಹೋಗಿ ನೋಡಿದೆ. ಭಾಯಿ ಡ್ರಿಲ್ ಮಷೀನನ್ನು ಮಗ್ಗುಲಾಗಿ ಮಲಗಿಸಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಗಾಳಿಯಾಡುವ ಸೀಳುಗಳಿಂದ ತೆಳ್ಳಗೆ ಹೊಗೆ ಬರುತ್ತಿತ್ತು.

"ಆರ್ಮೇಚರ್ ಹೋತ್ರಿ ಸರ," ಎಂದರು. "ಹಿಂದ ಒಮ್ಮೆ ಸುತ್ತಿಸೇನಿ. ಈಗ ಮತ್ತ ಒಯ್ದರ ಆ ವೈಂಡಿಂಗ್ ಅಂಗಡಿಯಂವಾ ಮಷೀನ್ ಬಿಟ್ಟು ನನ್ನ ರಿಪೇರಿ ಮಾಡ್ತಾನ."

ಭಾಯಿ ದಾಂಡೇಲಿಯಲ್ಲಿ ನಮ್ಮದೇ ಓಣಿಯವರು, ಐವತ್ತು ದಾಟಿದವರು. ಗೋಡೆ ಕೊರೆಯುವುದು, ನೆಲ ಒಡೆಯುವುದು, ಹಳೆಯ ಮನೆಗಳಲ್ಲಿ ಹೊಸ ಪೈಪು, ವೈರುಗಳಿಗೆ ದಾರಿ ಮಾಡುವುದು ಅವರ ಕೆಲಸ. ನಮ್ಮ ಕಡೆ ಈಗ ಹೊಸ ಮನೆ ಕಟ್ಟುವವರಿಗಿಂತ ಇದ್ದ ಮನೆಯನ್ನೇ ತಿದ್ದುವವರು ಹೆಚ್ಚು ಕಾಣುತ್ತಾರೆ. ಜೋಯಿಡಾ ಕಡೆಯಂತೂ ಹೋಂಸ್ಟೇ ಮಾಡಲು ಹೊರಟವರು ಕೋಣೆಗೊಂದು ಬಚ್ಚಲು ಜೋಡಿಸುತ್ತಿದ್ದಾರೆ. ಕುಂಬಾರವಾಡದಲ್ಲಿ ಅಂಥದೇ ಒಂದು ಕೆಲಸವನ್ನು ಭಾಯಿ ಮತ್ತು ಅವರ ಜೊತೆಗಾರ ಪ್ಲಂಬರ್ ಸೇರಿ ಒಪ್ಪಿಕೊಂಡಿದ್ದರು. ದಪ್ಪ ಕಲ್ಲುಗೋಡೆಗಳ ಹಳೆಯ ಮನೆ. ಉಳಿ, ಸುತ್ತಿಗೆಯಿಂದ ಆಗುವ ಕೆಲಸವಲ್ಲ. ದೊಡ್ಡ ಮಷೀನು ಬೇಕಿತ್ತು, ಅದೂ ಬೇಗ.

ಮರುದಿನ ನನಗೆ ಹಳಿಯಾಳದ ತಾಲ್ಲೂಕು ಕಚೇರಿಯಲ್ಲಿ ಒಂದು ಸಭೆಯಿತ್ತು. "ನಾನೂ ಬರ್ತೇನಿ. ಅಲ್ಲೇ ವೈನಿ ಅಂಗಡ್ಯಾಗ ನೋಡೂಣು," ಎಂದು ಭಾಯಿ ನನ್ನ ಬೈಕಿನ ಹಿಂದೆ ಕೂತರು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಳಿಯಾಳದ ಪೇಟೆಯಲ್ಲಿ ಇಳಿದಾಗ ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು. ತೆಗೆದಾಗ ಬಲಗೈಯ ಎರಡು ಬೆರಳು ತುದಿಯಿಂದ ಅರ್ಧದವರೆಗೆ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಗೋಡೆಯ ಪುಡಿ ಇರಬೇಕೆಂದುಕೊಂಡೆ. ಅವರು ಕೈ ತಿಕ್ಕಿಕೊಂಡರು. ಬಿಳುಪು ಹೋಗಲಿಲ್ಲ.

ಮಷೀನು, ಹತ್ಯಾರ ಮಾರುವ ಆ ಅಂಗಡಿಯ ಯಜಮಾನರನ್ನು ಊರಿನ ಗೌಂಡಿ, ಬಡಿಗರೆಲ್ಲ ಅಣ್ಣಾ ಎಂದು ಕರೆಯುತ್ತಿದ್ದುದರಿಂದ ಅವರ ಹೆಂಡತಿ ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ. ಯಜಮಾನರು ಈಗ ಅಂಗಡಿಗೆ ಬರುವುದು ಕಡಿಮೆ, ವ್ಯಾಪಾರವೆಲ್ಲ ವೈನಿಯದೇ. ಅಂಗಡಿಯ ಮುಂದೆ ಒಂದು ಕರಿಕಲ್ಲಿನ ತುಂಡು ಬಿದ್ದಿದೆ, ಮೈಯೆಲ್ಲ ತೂತು. ದೊಡ್ಡ ಡ್ರಿಲ್ ಕೊಳ್ಳುವವರು ಅದರಲ್ಲಿ ಒಂದು ತೂತು ಕೊರೆದು ನೋಡದೆ ಕೊಳ್ಳುವುದಿಲ್ಲ. ಕೊರೆದ ಮೇಲೆ ಬಲಗೈಯ ಬೆರಳುಗಳನ್ನು ಒಮ್ಮೆ ಬಿಚ್ಚಿ ಮುಚ್ಚಿ, "ಜುಮ್ ಐತಿ" ಎನ್ನುತ್ತಾರೆ, ಇಲ್ಲವೇ "ಜುಮ್ ಇಲ್ಲ" ಎನ್ನುತ್ತಾರೆ. ಮಷೀನು ನಿಂತ ಮೇಲೂ ಅಂಗೈಯಲ್ಲಿ ಉಳಿಯುವ ಅದುರಿಗೆ ಅವರು ಜುಮ್ ಎನ್ನುವುದು. ಜುಮ್ ಹೆಚ್ಚಿದ್ದಷ್ಟೂ ಮಷೀನು ಗಟ್ಟಿ ಎಂಬುದು ಅವರ ನಂಬಿಕೆ. ಈ ಮಾತು ಸೂಪಾ ಅಣೆಕಟ್ಟು ಕಟ್ಟುವ ಕಾಲದಿಂದ ಬಂದದ್ದು ಎಂದು ಭಾಯಿ ಹೇಳುತ್ತಾರೆ. ಅವರ ತಂದೆ ಅಲ್ಲಿ ಬಂಡೆ ಕೊರೆಯುವ ಗುಂಪಿನಲ್ಲಿದ್ದರು. ಅದನ್ನು ಖಚಿತಪಡಿಸಿಕೊಳ್ಳಲು ನನಗೆ ಆಗಿಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡದಲ್ಲಿ ಈ ಮಾತು ಕೇಳಿದ್ದೇನೆ, ಧಾರವಾಡದ ಅಂಗಡಿಗಳಲ್ಲಿ ಕೇಳಿಲ್ಲ ಎಂದಷ್ಟೇ ಹೇಳಬಲ್ಲೆ.

ವೈನಿ ಎರಡು ಮಷೀನು ತಂದಿಟ್ಟರು. ಎರಡೂ ಭಾರಿ, ಎರಡೂ ಕೈಯಲ್ಲಿ ಹಿಡಿಯಬೇಕಾದವು, ಕೊರೆಯಲೂ ಒಡೆಯಲೂ ಬರುವಂಥವು. ಭಾಯಿ ಮೊದಲು ಪಟ್ಟಿಯ ಮೇಲಿನ ವ್ಯಾಟ್ ಓದಿದರು.

"ವ್ಯಾಟ್ ನೋಡಬ್ಯಾಡ್ರಿ ಭಾಯಿ," ಎಂದರು ವೈನಿ. "ಅದು ಎಷ್ಟ್ ಕರೆಂಟ್ ತಿಂತೈತಿ ಅಂತ ಹೇಳ್ತೈತಿ. ಎಷ್ಟ್ ಕೆಲ್ಸಾ ಮಾಡ್ತೈತಿ ಅಂತ ಹೇಳಂಗಿಲ್ಲ. ನಮ್ಮ ಮನ್ಯಾಗೂ ಹಂಗ ತಿನ್ನಾವ್ರು ಒಬ್ಬರು ಅದಾರ."

"ಮತ್ತೇನ್ ನೋಡಬೇಕ್ರಿ?"

"ಹೊಡತ ನೋಡ್ರಿ. ಒಂದೊಂದ್ ಹೊಡತ ಎಷ್ಟ್ ಜೋರ್ ಅಂತ ಡಬ್ಬಿ ಮ್ಯಾಲ ಬರದಿರ್ತಾರ. ಆಮ್ಯಾಲ ಇದರ ಕಾರ್ಬನ್ ಇಲ್ಲೇ ಸಿಗತಾವೋ, ಹುಬ್ಬಳ್ಳಿಗೆ ಓಡಬೇಕೋ, ಅದನ್ ಕೇಳ್ರಿ. ಕುಂಬಾರವಾಡದಾಗ ಕಾರ್ಬನ್ ಸವದ್ರ ಬಸ್ಸಿನ ಹಾದಿ ಕಾಯ್ಕೋತ ಕೂಡ್ತೀರಿ."

ಮೋಟರಿಗೆ ಕರೆಂಟು ಮುಟ್ಟಿಸುವ, ಸವೆದಾಗ ಬದಲಿಸಬೇಕಾದ ಆ ಕಾರ್ಬನ್ ತುಂಡುಗಳು ಎರಡಕ್ಕೂ ಅಲ್ಲೇ ಸಿಗುತ್ತಿದ್ದವು. ಹೊಡೆತದ ಬಲವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಹಿಡಿಕೆಯಲ್ಲಿ. ಒಂದರದು ಮೈಗೇ ಕೂಡಿದ ಗಟ್ಟಿ ಹಿಡಿಕೆ. ಇನ್ನೊಂದರ ಹಿಡಿಕೆಯೊಳಗೆ ಸ್ಪ್ರಿಂಗ್ ಇತ್ತು, ಒತ್ತಿದರೆ ತುಸು ಒಳಗೆ ಹೋಗಿ ಮರಳುತ್ತಿತ್ತು. ಅದುರು ಕೈಗೆ ಬರಬಾರದೆಂದು ಹಾಗೆ ಮಾಡಿದ್ದಾರೆ ಎಂದು ವೈನಿ ಹೇಳಿದರು.

ಭಾಯಿ ಗಟ್ಟಿ ಹಿಡಿಕೆಯದನ್ನು ಕಲ್ಲಿನ ಮೇಲೆ ಊರಿ ಗುಂಡಿ ಒತ್ತಿದರು. ಎದುರಿನ ಬಟ್ಟೆ ಅಂಗಡಿಯವನು ಬೈದದ್ದು ಬಾಯಿ ಆಡಿದ್ದರಿಂದ ತಿಳಿಯಿತೇ ಹೊರತು ಕೇಳಿಸಲಿಲ್ಲ. ಮಷೀನು ನಿಲ್ಲಿಸಿ ಬೆರಳು ಬಿಚ್ಚಿ ಮುಚ್ಚಿದರು.

"ಜುಮ್ ಐತಿ! ಮಷೀನ್ ಅಂದ್ರ ಇದು."

ಎರಡನೆಯದರಿಂದ ಕೊರೆದು ನಿಲ್ಲಿಸಿ ಅಂಗೈ ನೋಡಿಕೊಂಡರು. "ಇದು ಮಿಕ್ಸರ್ರಿ ವೈನಿ. ಶೇಂಗಾ ಚಟ್ನಿ ಮಾಡ್ರಿ ಇದ್ರಾಗ."

"ಚಟ್ನೀನೂ ಮಾಡ್ತೇನಿ. ಮೊದ್ಲ ತೂತ ನೋಡೂಣು, ತಡೀರಿ."

ವೈನಿ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ಮೊದಲ ತೂತಿಗೆ ಇಳಿಸಿ, ಕಲ್ಲಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿದರು. ಅದೇ ಕಡ್ಡಿಯನ್ನು ಎರಡನೆಯ ತೂತಿಗೆ ಇಳಿಸಿದರು. ಗುರುತು ಒಳಗೆ ಮುಳುಗಿಹೋಯಿತು. ನಾನು ಗಡಿಯಾರ ನೋಡುತ್ತಿದ್ದೆ, ಎರಡೂ ಓಡಿದ್ದು ಅಷ್ಟೇ ಹೊತ್ತು. ಭಾಯಿ ಒಪ್ಪಲಿಲ್ಲ. ಕಲ್ಲು ಅಲ್ಲಿ ಮೆತ್ತಗೈತಿ ಎಂದರು. ಜಾಗ ಅದಲುಬದಲು ಮಾಡಿ ಮತ್ತೆ ಕೊರೆದರು. ಮತ್ತೆ ಗುರುತು ಮುಳುಗಿತು.

"ಕಡ್ಡಿ ಏನರ ಹೇಳ್ಲಿ. ಕೈ ಸುಳ್ಳ ಹೇಳಂಗಿಲ್ಲ," ಎಂದು ಅವರು ಗಟ್ಟಿ ಹಿಡಿಕೆಯದನ್ನೇ ಕಟ್ಟಿಕೊಡಲು ಹೇಳಿದರು.

ಅಷ್ಟರಲ್ಲಿ ಪಕ್ಕದ ಹೋಟೆಲಿನಿಂದ ಚಹಾ ಬಂತು. ಸಣ್ಣ ಗಾಜಿನ ಲೋಟ, ಆಗಷ್ಟೇ ಕುದಿಸಿ ಸೋಸಿದ್ದು. ನಾನು ಎರಡು ಬೆರಳಿನಿಂದ ಅಂಚು ಹಿಡಿದೆ. ವೈನಿ ಸೆರಗಿನ ತುದಿಯಲ್ಲಿ ಹಿಡಿದರು. ಭಾಯಿ ಲೋಟವನ್ನು ಬಲಗೈಯ ಮುಷ್ಟಿಯಲ್ಲಿ ಪೂರ್ತಿ ಹಿಡಿದು, ಕುಂಬಾರವಾಡದ ಗೋಡೆ ಎಷ್ಟು ದಪ್ಪ ಎಂದು ವಿವರಿಸುತ್ತ ನಿಂತರು.

"ಭಾಯಿ, ಕೈ ಸುಡೂದಿಲ್ಲೇನ್ರಿ?" ವೈನಿ ಕೇಳಿದರು.

ಅವರು ಮಾತು ನಿಲ್ಲಿಸಿ ಲೋಟ ನೋಡಿದರು. ಎಡಗೈಗೆ ಬದಲಿಸಿದವರು ಕೂಡಲೇ ಅದನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು. ಬಲ ಅಂಗೈ ಕೆಂಪಾಗಿತ್ತು.

ಭಾಯಿ ಅದನ್ನು ತೊಡೆಗೆ ಒರೆಸಿಕೊಂಡರು. ಆಮೇಲೆ ಹೇಳಿದರು: "ನಮ್ಮ ಅಬ್ಬಾ ತಸ್ಬೀ ಎಣಸೂವಾಗ ಮಣಿ ನೋಡಿ ನೋಡಿ ಎಣಸ್ತಿದ್ರು. ಎಲ್ಲಾರೂ ಕಣ್ಣ ಮುಚ್ಚಿ ಎಣಸ್ತಾರ. ಇವರ್ಯಾಕ ಹಿಂಗ ಅಂತ ಕೇಳಿದ್ರ, ಬೆರಳಿಗೆ ಮಣಿ ಗೊತ್ತಾಗಂಗಿಲ್ಲೋ ಅಂತಿದ್ರು. ನಾವು ವಯಸ್ಸಾತು ಅಂದ್ಕೊಂಡ್ವಿ."

"ನಿಮಗ ಯಾವಾಗಿಂದ?" ಎಂದು ಕೇಳಿದೆ.

"ಹ್ವಾದ ಚಳಿಗಾಲದಿಂದ ಸರ. ಮನ್ಯಾಗ ಹೇಳಿಲ್ಲ. ಹೇಳಿದ್ರ ನಿಮ್ಮ ಭಾಭಿ ಮಷೀನ್ ಒಯ್ದು ಬಾವಿಗೆ ಒಗೀತಾಳ."

ಅವರಿಗೆ ಗೊತ್ತಿರುವುದು ಈ ಒಂದೇ ಕೆಲಸ, ಅದಕ್ಕೆ ಬೇಕಾದದ್ದು ಆ ಎರಡು ಕೈ. ಇನ್ನೊಂದು ಸಂಗತಿ ನನಗೆ ಅಲ್ಲಿ ನಿಂತಾಗ ಹೊಳೆಯಿತು. ಕಲ್ಲಿಗೆ ಹೋಗಬೇಕಾದ ಹೊಡೆತದಲ್ಲಿ ಒಂದು ಪಾಲು ಹಿಂದಿರುಗಿ ಕೈಗೆ ಬರುವುದೇ ಜುಮ್. ಬಹಳ ಕಾಲ ಅದನ್ನು ತಿಂದ ಕೈಗೆ ಸಣ್ಣ ಜುಮ್ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ಸಲ ಹಿಂದಿನದಕ್ಕಿಂತ ಹೆಚ್ಚು ಒದೆಯುವ ಮಷೀನೇ ಒಳ್ಳೆಯದೆನಿಸುತ್ತದೆ. ಒಬ್ಬನೇ ಸಾಕ್ಷಿಯ ಮಾತು ನೆಚ್ಚಿ ಸುದ್ದಿ ಬರೆಯಬಾರದು ಎಂಬುದು ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಪಾಠ. ಇಲ್ಲಿ ಆ ಒಂದೇ ಸಾಕ್ಷಿ ಭಾಯಿಯ ಕೈ, ಪೆಟ್ಟು ತಿಂದದ್ದೂ ಅದೇ. ಆದರೆ ಇಷ್ಟು ವರ್ಷ ಅನ್ನ ಕೊಟ್ಟ ಕೈಯನ್ನು ನಂಬಬೇಡಿ ಎಂದು ಒಬ್ಬರಿಗೆ ಹೇಳುವುದು ಸುಲಭವಲ್ಲ. ನಾನು ಹೇಳಲಿಲ್ಲ.

ವೈನಿ ಹೇಳಿದರು. "ಸ್ಪ್ರಿಂಗಿಂದ ಒಯ್ಯಿರಿ. ಕೆಲ್ಸಾ ಆಗಲಿಲ್ಲ ಅಂದ್ರ ತಂದ್ ಕೊಡ್ರಿ, ಬದಲ್ ಮಾಡಿಕೊಡ್ತೇನಿ. ಮತ್ತ ಇವತ್ತ ಡಾಕ್ಟರಿಗೆ ತೋರಿಸೇ ಊರಿಗೆ ಹೋಗಬೇಕು. ಇಲ್ಲಾಂದ್ರ ನಾ ನಿಮ್ಮ ಮನೀಗೆ ಫೋನ್ ಹಚ್ಚತೇನಿ ನೋಡ್ರಿ."

ಭಾಯಿ ನನ್ನ ಕಡೆ ತಿರುಗಿದರು. "ನೀವಾಗಿದ್ರ ಯಾವ್ದ ಒಯ್ತಿದ್ರಿ ಸರ?"

"ನಾ ಆಗಿದ್ರ ಕಡ್ಡಿ ನಂಬತಿದ್ದೆ."

ಅವರು ಒಲ್ಲದ ಮನಸ್ಸಿನಿಂದ ಸ್ಪ್ರಿಂಗ್ ಹಿಡಿಕೆಯದನ್ನು ಕಟ್ಟಿಸಿಕೊಂಡರು. ನಾನು ಸಭೆಗೆ ಹೋದೆ, ಅವರು ಆಸ್ಪತ್ರೆಗೆ ಹೋದರು. ವಾಪಸು ಬರುವಾಗ ಬೈಕಿನ ಮೇಲೆ ಡಾಕ್ಟರ ಮಾತು ಅವರಾಗಿ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಬಚ್ಚಲು ಹೊಸ ಮಷೀನಿನಲ್ಲಿ ಮುಗಿಯಿತು. ಇಟ್ಟಿಗೆ ಗೋಡೆಯಾದ್ದರಿಂದ ಅಲ್ಲಿ ಮಷೀನಿನ ತಾಕತ್ತು ತಿಳಿಯಲಿಲ್ಲ. ಆಮೇಲೆ ಅವರು ಕುಂಬಾರವಾಡಕ್ಕೆ ಹೋದರು. ಅಲ್ಲಿನ ಬಸ್ಸಿನ ತಾಪತ್ರಯದ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದ ನಾನು ಅದೇ ವಾರ ಹೋಗಿ, ಕೆಲಸ ನಡೆಯುತ್ತಿದ್ದ ಮನೆಗೂ ಹೋದೆ.

ಒಳಕೋಣೆಯಲ್ಲಿ ಭಾಯಿ ಮಷೀನಿನ ಹಿಡಿಕೆಗೆ ಎದೆ ಕೊಟ್ಟು, ಕಾಲು ಹಿಂದಕ್ಕೆ ಊರಿ, ಮೈಭಾರವನ್ನೆಲ್ಲ ಗೋಡೆಗೆ ಹೇರುತ್ತಿದ್ದರು. ಪಕ್ಕದಲ್ಲಿ ಪೈಪು ಅಳೆಯುತ್ತಿದ್ದವನು ಜೊತೆಗಾರ ಪ್ಲಂಬರ್, ಮುಂಡಗೋಡ ತಾಲ್ಲೂಕಿನ ಇಂದೂರಿನವನು. ಹೊಲದ ಕೆಲಸವಿಲ್ಲದಾಗ ಭಾಯಿಯ ಜೊತೆ ತಿರುಗುತ್ತಾನೆ.

"ನೋಡ್ರಿ ಸರ," ಎಂದ ನನ್ನನ್ನು ಕಂಡು, "ಗ್ವಾಡಿ ಕೊರೀಯಾಕ ಕರಕೊಂಡ್ ಬಂದ್ರ ಗ್ವಾಡೀನ ಅಪ್ಪಿಕೊಂಡು ನಿಂತಾನ."

ಭಾಯಿ ಮಷೀನು ನಿಲ್ಲಿಸಿದರು. "ಜುಮ್ ಬರವಲ್ದೋ ಮಾರಾಯಾ. ಜೋರ್ ಒತ್ತಿದ್ರ ಒಂಚೂರು ಬರತೈತಿ. ಅದು ಬರಲಾರದ ಕೆಲ್ಸಾ ನಡದೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಹೇಳಿದ ಮೇಲೆ ಅವರಿಗೇ ಏನೋ ಹೊಳೆಯಿತು. ಹಿಡಿಕೆಯನ್ನು ಅಂಗೈಯಿಂದ ಪೂರ್ತಿ ಒತ್ತಿ ನೋಡಿದರು. ಸ್ಪ್ರಿಂಗ್ ತಳಕ್ಕೆ ಕೂತು ಹಿಡಿಕೆ ಕಲ್ಲಿನಂತಾಯಿತು. ಸಡಿಲ ಬಿಟ್ಟರು, ಮರಳಿ ಬಂತು. ಮತ್ತೊಮ್ಮೆ ಒತ್ತಿದರು. ಅಂದರೆ ಇಷ್ಟು ದಿನ ಅವರು ಆ ಮಷೀನನ್ನು ಅಂಗಡಿಯಲ್ಲಿ ಬಿಟ್ಟುಬಂದ ಇನ್ನೊಂದು ಮಷೀನಿನಂತೆಯೇ ಓಡಿಸುತ್ತಿದ್ದರು.

ಈ ಸಲ ಹಗುರಾಗಿ ಹಿಡಿದು ಕೊರೆದರು. ಕೈಗೆ ಏನೂ ತಿಳಿಯದ್ದರಿಂದ ತೂತಿನ ಬಾಯಿಯಿಂದ ಸುರಿಯುವ ಪುಡಿಯನ್ನೇ ನೋಡುತ್ತಿದ್ದರು. ಪುಡಿ ನಿಲ್ಲದೆ ಸುರಿಯಿತು. ಸ್ವಲ್ಪ ಹೊತ್ತಿಗೆ ಮಷೀನು ನಿಲ್ಲಿಸಿ ಪ್ಲಂಬರನ ಕಡೆ ಚಾಚಿದರು.

"ಉಳದದ್ದು ನೀ ಕೊರಿ."

ಪ್ಲಂಬರ್ ತೆಗೆದುಕೊಳ್ಳಲಿಲ್ಲ. ಭಾಯಿ ತಮ್ಮ ಮಷೀನನ್ನು ಯಾರ ಕೈಗೂ ಕೊಟ್ಟವರಲ್ಲ. "ಯಾಕೋ, ಮೈಯಾಗ ಆರಾಮ ಇಲ್ಲೇನ?"

"ಮೈಯಾಗ ಆರಾಮ ಐತಿ. ಎರಡ ಬೆರಳ ಸತ್ತಾವ. ಹಿಂಗ ನಡಸಿದ್ರ ಉಳದ್ವೂ ಹೋಗ್ತಾವ ಅಂದಾರ ಡಾಕ್ಟರು."

"ಮೊದ್ಲ ಹೇಳಾಕ ಏನ್ ಧಾಡಿ ಆಗಿತ್ತೋ ನಿನಗ?"

"ಹೇಳಿದ್ರ ನೀ ಮಷೀನ್ ಕಸಗೊಂತಿದ್ದಿ."

"ಈಗರ ಬಿಡ್ತೇನೇನ? ತಾ ಇಲ್ಲೆ."

ಪ್ಲಂಬರ್ ಮಷೀನು ಹಿಡಿದು ಗೋಡೆಗೆ ಊರಿದ. ಒತ್ತಬ್ಯಾಡ, ಹಗುರ ಹಿಡಿ, ಮೊಣಕೈ ಮೈಗೆ ಹಚ್ಚು ಎಂದು ಭಾಯಿ ಹಿಂದಿನಿಂದ ಹೇಳುತ್ತಿದ್ದರು. ಕೊರೆದು ನಿಲ್ಲಿಸಿದ ಪ್ಲಂಬರ್ ಬಲಗೈ ಬಿಚ್ಚಿ ಮುಚ್ಚಿ, ಗಾಬರಿಯಿಂದ ಹಿಂದೆ ತಿರುಗಿದ.

"ಭಾಯಿ, ಇದ್ರಾಗ ಜುಮ್ಮ ಇಲ್ಲಲ್ಲೋ! ಮೋಸ ಹೋಗೀದಿ!"

"ಇರಬಾರ್ದಲೇ. ಪುಡಿ ನೋಡ್ಕೋತ ಕೊರಿ."

ಅವನು ನಂಬಲಿಲ್ಲ. ತೂತಿಗೆ ಬೆರಳು ತೂರಿಸಿ ಆಳ ನೋಡಿ, ಆಮೇಲೆ ಮುಂದುವರಿಸಿದ. ಭಾಯಿ ಸಿಮೆಂಟಿನ ಚೀಲದ ಮೇಲೆ ಕೂತು, ಕೈ ಕಟ್ಟಿಕೊಂಡು, ತಮ್ಮ ಗೋಡೆಯನ್ನು ಇನ್ನೊಬ್ಬ ಕೊರೆಯುವುದನ್ನು ನೋಡುತ್ತಿದ್ದರು. ಅದು ಅವರಿಗೆ ಕಷ್ಟವಾಗುತ್ತಿತ್ತು. ಎರಡು ಸಲ ಎದ್ದರು, ಎರಡು ಸಲವೂ ಮತ್ತೆ ಕೂತರು.