ಕೋಳಿ ಕೂತ ಬುಟ್ಟಿ

ಮೊನ್ನೆ ಅಟ್ಟದ ಮೇಲಿಂದ ಹಳೆಯ ಬಿದಿರಿನ ಬುಟ್ಟಿಯೊಂದನ್ನು ಕೆಳಗಿಳಿಸಿದೆ. ಧೂಳು ಕೊಡವಿ ಮೂಗಿನ ಹತ್ತಿರ ಹಿಡಿದರೆ ಇನ್ನೂ ಮಂಡಕ್ಕಿಯ ವಾಸನೆ... ಬಿಸಿ ಮರಳಿನಲ್ಲಿ ಹುರಿದ ಆ ಒಣ ವಾಸನೆ. ಅದರ ಅಡಿಯಲ್ಲಿ ಇನ್ನೊಂದು, ಕೋಳಿಯ ಪುಕ್ಕದ್ದು. ಈ ಎರಡೂ ಒಂದೇ ಬುಟ್ಟಿಯಲ್ಲಿ ಸೇರುವಂಥವಲ್ಲ. ಸೇರಿಸಿದವಳು ಆಂಧ್ರದ ರಾಯದುರ್ಗದ ನಮ್ಮ ಓಣಿಯಲ್ಲಿ ನಮ್ಮೆದುರು ಮನೆಯಲ್ಲಿದ್ದ ಮಂಡಕ್ಕಿ ಅವ್ವ.

ಅವ್ವ ಒಂಟಿ ಹೆಂಗಸು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಮನೆಯ ಮುಂದಿನ ಕಟ್ಟೆಯ ಮೇಲೆ ಬುಟ್ಟಿಗಳಲ್ಲಿ ಮಂಡಕ್ಕಿ ಇಟ್ಟುಕೊಂಡು ಮಾರುತ್ತಿದ್ದಳು. ಆ ಮನೆಯ ಹೊಸಿಲು ದಾಟಿ ಮಾಂಸದ ಗಾಳಿ ಕೂಡ ಒಳಗೆ ಹೋದದ್ದಿಲ್ಲ. ನಮ್ಮ ಹಿತ್ತಲಿನ ಕೋಳಿಗಳಿಗೋ, ಅವ್ವನ ಕಟ್ಟೆಯೆಂದರೆ ಪ್ರಾಣ. ಕಣ್ಣು ತಪ್ಪಿದರೆ ಸಾಕು, ಓಣಿ ದಾಟಿ ಬುಟ್ಟಿಗೆ ಬಾಯಿ ಹಾಕುತ್ತಿದ್ದವು. ಅವ್ವ ಕೋಲು ಹಿಡಿದು ಎದ್ದು ನಿಲ್ಲುತ್ತಿದ್ದಳು.

"ಏ ಮಾಸ್ಟರಾ! ನಿನ್ನ ಫೌಜು ಬಂತು ನೋಡಪಾ! ಅವಕ್ಕ ಪ್ಯಾಂಟ್ ಹೊಲದು ಹಾಕು, ಮಾನ ಮರ್ಯಾದಿ ಆದ್ರೂ ಕಲೀತಾವ!"

ನಾನು ಜೀನ್ಸ್ ಹೊಲಿಯುವ ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದವನು. ಅಲ್ಲಿಂದ ಮಷೀನಿಗೆ, ಮಷೀನಿನಿಂದ ಕಟಿಂಗ್ ಟೇಬಲ್ಲಿಗೆ ಬಂದೆ. ಯಾರ ಶಿಫಾರಸೂ ಇಲ್ಲ, ಯಾರ ಕೈ ಕಾಲೂ ಹಿಡಿದಿಲ್ಲ. ಈ ಮಾತನ್ನು ಈಗಲೂ ಎದೆ ತಟ್ಟಿಯೇ ಹೇಳುತ್ತೇನೆ. ಬೇಕಾದದ್ದನ್ನು ಕೈಯಾರೆ ಮಾಡಿಕೊಳ್ಳಬೇಕು, ಆಗದಿದ್ದರೆ ಅದಿಲ್ಲದೆ ಬದುಕಬೇಕು ಅನ್ನುವುದು ನನ್ನ ಲೆಕ್ಕ.

ಕೋಳಿಗಳು ನನ್ನ ಹೆಂಡತಿಯವು. ಅವಳು ಮಡಕಶಿರಾ ಕಡೆಯ ಹಳ್ಳಿಯವಳು. ಕಡ್ಲೆಕಾಯಿ ಹೊಲ, ರಾಗಿ ಹೊಲದ ನಡುವೆ ಬೆಳೆದವಳು. ಅವಳ ತಾಯಿ ಸಾಕಿದ್ದ ಕೋಳಿಗಳ ಮರಿಗಳನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು, ನಮ್ಮ ಹಿತ್ತಲಿನಲ್ಲಿ ದೊಡ್ಡವು ಮಾಡಿದ್ದಳು. ಒಮ್ಮೆ ಅವಳ ತವರಿಗೆ ಒಂದು ಮದುವೆಗೆಂದು ಹೋದಾಗ, ಎಲ್ಲರೂ ಮಾಡುವಂತೆ ಕೋಳಿಗಳ ಮೇಲೆ ಬುಟ್ಟಿ ಮುಚ್ಚಿ ಕಲ್ಲು ಹೇರಿ ಹೋಗಿದ್ದೆವು. ಮುಂಗುಸಿ ಬುಟ್ಟಿಯ ಅಂಚು ಎತ್ತಿ ಒಳಗೆ ನುಗ್ಗಿತ್ತು. ಬಂದು ನೋಡಿದರೆ ಪುಕ್ಕ, ರಕ್ತ. ಬುಟ್ಟಿಗೆ ಸಿಗದೆ ಬೇವಿನ ಮರ ಏರಿ ಕೂತಿದ್ದ ಚುಕ್ಕಿ ಕೋಳಿಯೊಂದೇ ಉಳಿದಿತ್ತು. ಅದೇ ವರ್ಷ ಅವಳ ತಾಯಿಯೂ ತೀರಿಕೊಂಡರು. ಮತ್ತೆ ನೇಮಕಲ್ಲು ಕಡೆಯಿಂದ ಒಂದು ಹುಂಜ, ನಾಲ್ಕಾರು ಹೇಂಟೆ ತಂದು ಹಿತ್ತಲು ತುಂಬಿಸಿದೆ. ಆದರೆ ತವರಿನದು ಅಂತ ಅವಳಿಗೆ ಉಳಿದಿದ್ದು ಆ ಚುಕ್ಕಿ ಮಾತ್ರ.

ಮದುವೆಯಾದ ಹೊಸತರಲ್ಲಿ ನಾನು ಹೆಂಡತಿಗೆ ಸಮುದ್ರ ತೋರಿಸುತ್ತೇನೆ ಅಂದಿದ್ದೆ. ಆ ಮಾತು ಹಳೆಯದಾಗುತ್ತ ಬಂದಿತ್ತು. ಯುನಿಟ್ಟಿಗೆ ಆರ್ಡರ್ ಬಂದರೆ ರಜೆ ಇಲ್ಲ, ಆರ್ಡರ್ ಇಲ್ಲದಾಗ ಹೋಗಲು ಮನಸ್ಸಿಲ್ಲ. ಆ ವರ್ಷ ದೀಪಾವಳಿ ಮುಗಿದ ಮೇಲೆ ಯುನಿಟ್ಟಿಗೆ ವಾರದ ಬಿಡುವು ಎಂದು ಮೊದಲೇ ಗೊತ್ತಾಯಿತು. ಈ ಸಲ ಗೋಕರ್ಣಕ್ಕೆ ಹೋಗಿಯೇ ತೀರುವುದು ಎಂದು ಟಿಕೆಟ್ಟು ಮಾಡಿಸಿದೆ. ಸರಿಯಾಗಿ ಅದೇ ಹೊತ್ತಿಗೆ ಚುಕ್ಕಿ ಕಾವಿಗೆ ಕೂತಿತು.

"ನೀವ್ ಹೋಗ್ಬನ್ನಿ, ನಾನ್ ಬರಾಕಿಲ್ಲ" ಅಂದಳು ಹೆಂಡತಿ. "ಮೊಟ್ಟೆ ಮ್ಯಾಲೆ ಕೂತವ್ಳೆ. ಬುಟ್ಟು ಎಂಗೆ ಬರ್ಲಿ? ಒಂದ್ಸಲ ಬುಟ್ಟೋಗಿ ಏನಾಯ್ತು ಅಂತ ನೀವೇ ಕಂಡಿಲ್ವಾ?"

ಯುನಿಟ್ಟಿನಲ್ಲಿ ಹೇಳಿಕೊಂಡರೆ ಮಷೀನಿನವರು ನಕ್ಕರು. "ಕೋಸುಕೊನಿ ತಿನೇಸಿ ಪೋ ಅನ್ನಾ" ಅಂದ ಒಬ್ಬ ತೆಲುಗಿನಲ್ಲಿ. ಕೊಯ್ದು ತಿಂದು ಹೋಗಣ್ಣ ಅಂತ. ನಾನು ನಗಲಿಲ್ಲ. ಕೋಳಿಯೂ ಉಳಿಯಬೇಕು, ಇವಳು ಸಮುದ್ರವನ್ನೂ ನೋಡಬೇಕು... ಎರಡೂ ಆಗಬೇಕು, ಆಗಿಸುತ್ತೇನೆ ಅಂದುಕೊಂಡೆ.

ಕೆಲಸ ಮುಗಿಸಿ ಬಂದು ದಿನಾ ಸಂಜೆ ಗೂಡು ಕಟ್ಟಿದೆ. ನಾಲ್ಕು ಕಡೆ ಕಬ್ಬಿಣದ ಜಾಲರಿ, ಮೇಲೆ ತಗಡು, ಬಾಗಿಲಿಗೆ ಎರಡು ಚಿಲಕ. ಕೋಳಿಗಳು ಕೂರುವ ಅಡ್ಡಗೋಲಿಗೆ ಜೀನ್ಸ್ ಚಿಂದಿ ಸುತ್ತಿದೆ. ಚುಕ್ಕಿಗೆಂದು ಒಂದು ಮೂಲೆಯಲ್ಲಿ ಮಡಕೆಯ ಬುಡ ಹೂತು, ಹುಲ್ಲು ಹಾಸಿ, ಮೊಟ್ಟೆ ಸಮೇತ ಅದನ್ನು ಅಲ್ಲಿ ಕೂರಿಸಿದೆ. ಗೂಡು ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಹಿತ್ತಲ ಬೇಲಿಯ ಆಚೆ ನಿಂತು ನೋಡುತ್ತಿದ್ದ ಅವ್ವ ಕೇಳಿದಳು:

"ಗ್ವಾಡಿ ಆತು, ಮಾಳಗಿ ಆತು. ನೆಲಕ್ಕ ಏನು ಹಾಕ್ದಿ?"

"ನೆಲ ಭೂಮ್ತಾಯಿದು ಅವ್ವಾ. ಅದಕ್ಕೂ ಚಿಲಕ ಹಾಕ್ಲೇನು?"

"ಹಾಕು, ಹಾಕು. ಮುಂಗುಸಿ ನಿನ್ನ ಬಾಗ್ಲಾ ಬಡದು ಕೇಳಿ ಬರತೈತೇನು?" ಎಂದು ಅವ್ವ ನಕ್ಕು ಹೋದಳು.

ಗೂಡು ಕಂಡರೂ ಹೆಂಡತಿ ಒಪ್ಪಲಿಲ್ಲ. ಬೀಗ ಹಾಕಿದ ಗೂಡಿಗೆ ನೀರು ಹಾಕುವವರು ಯಾರು, ಕಾಳು ಹಾಕುವವರು ಯಾರು? ಒಬ್ಬರಿಗೆ ಒಪ್ಪಿಸಿ ಹೋಗಬೇಕು, ಅದನ್ನೂ ನೀವೇ ಬಾಯಿಬಿಟ್ಟು ಕೇಳಬೇಕು ಅಂದಳು. ಓಣಿಯಲ್ಲಿ ದಿನವಿಡೀ ಮನೆಯಲ್ಲಿರುವವಳು ಅವ್ವ ಒಬ್ಬಳೇ. ಉಳಿದವರೆಲ್ಲ ಯುನಿಟ್ಟಿಗೆ ಹೋಗುವವರು. ಲಿಂಗ ಕಟ್ಟಿದವಳನ್ನು ಕೋಳಿ ಕಾಯಲು ಕೇಳುವುದು ಹೇಗೆ? ಓಣಿಯ ಅಗಲ ನಾಲ್ಕು ಮಾರಿಲ್ಲ. ಅವತ್ತು ಅದನ್ನು ದಾಟುವುದು ನನಗೆ ನಮ್ಮೂರ ಕೋಟೆ ಬೆಟ್ಟ ಹತ್ತಿದಷ್ಟು ಕಷ್ಟವಾಯಿತು.

"ಅವ್ವಾ... ಗೋಕರ್ಣಕ್ಕ ಹೊಂಟೀವಿ. ಕೋಳಿ ಸ್ವಲ್ಪ ನೋಡ್ಕೋರಿ."

ಅವ್ವ ಮಂಡಕ್ಕಿ ಅಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಇಷ್ಟು ಕೇಳಾಕ ನಿನಗ ಇಷ್ಟು ವರ್ಷ ಬೇಕಾತೇನಪಾ? ನೀರು ಹಾಕ್ತೀನಿ, ಕಾಳು ಹಾಕ್ತೀನಿ. ಕೋಳಿ ಮುಟ್ಟಂಗಿಲ್ಲ, ತತ್ತಿ ಅಂತೂ ಮುಟ್ಟಂಗೇ ಇಲ್ಲ. ಈಗೇ ಹೇಳೀನಿ."

"ಮುಟ್ಟಾದೇನೂ ಬ್ಯಾಡ್ರಿ ಅವ್ವಾ."

"ಹಂಗಾದ್ರ ಹೋಗು. ಆ ಮಡಕಶಿರಾದಾಕಿಗೆ ಸಮುದ್ರ ತೋರ್ಸು. ಮುಖ ತೊಳ್ಕೊಂಡು ಬರ್ಲಿ, ಬರೇ ಕೋಳಿ ಧ್ಯಾನ ಆಕಿಗೆ."

ನಾವು ಹೋದೆವು. ಸಮುದ್ರದ ಮುಂದೆ ನನ್ನ ಹೆಂಡತಿ ಸೀರೆಯ ನೆರಿಗೆ ಎತ್ತಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಅಲೆ ಬಂದು ಕಾಲು ತೊಯ್ಯಿಸಿ ಹೋದರೂ ಕದಲಲಿಲ್ಲ. ಅವಳ ಮುಖವನ್ನು ನೋಡಿ ನಾನು ಕೊಟ್ಟ ಮಾತು ತೀರಿತು ಅಂದುಕೊಂಡೆ. ಆಗ ಅವಳು ಬಾಯಿ ಬಿಟ್ಟಳು: "ಚುಕ್ಕಿ ಮೇವಿಗೆ ಎದ್ಲೋ ಇಲ್ವೋ..." ಅವ್ವನ ಹತ್ತಿರ ಫೋನಿರಲಿಲ್ಲ. ಅದೇ ಒಂದು ಕೊರಗು.

ವಾಪಸು ಬಂದಾಗ ಬೆಳಗಿನ ಬಿಸಿಲು ಏರುತ್ತಿತ್ತು. ಹೆಂಡತಿ ಚೀಲವನ್ನು ಬಾಗಿಲಲ್ಲೇ ಬಿಟ್ಟು ಹಿತ್ತಲಿಗೆ ಓಡಿದಳು. ನಾನು ಹಿಂದೆಯೇ ಹೋದೆ. ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಜೀವವಿರಲಿಲ್ಲ. ಜಾಲರಿಯ ಬುಡದಲ್ಲಿ ಹೊಸ ಮಣ್ಣು ಕೆದರಿ, ಕೈ ತೂರುವಷ್ಟು ಬಿಲ. ಚುಕ್ಕಿ ಕೂತಿದ್ದ ಮಡಕೆಯ ಬುಡ ಬರಿದಾಗಿತ್ತು.

ಅವಳು ಅಳಲಿಲ್ಲ. ಗೂಡಿನ ಮುಂದೆ ಕುಕ್ಕರಿಸಿದಳು. "ನಾ ಯೋಳ್ಲಿಲ್ವಾ..." ಅಂದಳು, ಅಷ್ಟೇ. ಆ ದನಿ ಇವತ್ತಿಗೂ ಕಿವಿಯಲ್ಲಿದೆ. ನಾನು ಬಿಲವನ್ನೇ ನೋಡುತ್ತ ನಿಂತೆ.

ಆಗ ಕೂಗಿತು ಹುಂಜ. ನಮ್ಮದೇ ಹುಂಜ. ಕೂಗಿದ್ದು ಮಾತ್ರ ಹಿತ್ತಲಿನಿಂದಲ್ಲ, ಓಣಿಯಿಂದಲ್ಲ... ಎದುರು ಮನೆಯ ಒಳಗಿನಿಂದ.

ಹೋಗಿ ನೋಡಿದರೆ ಅವ್ವನ ಪಡಸಾಲೆಯಲ್ಲಿ ನಮ್ಮ ಫೌಜು. ಹುಂಜ ಒರಳಿನ ಮೇಲೆ ನಿಂತಿದೆ. ಹೇಂಟೆಗಳು ಗೋಣಿಚೀಲದ ಮೇಲೆ ಕೂತಿವೆ. ಮೂಲೆಯಲ್ಲಿ ಮಂಡಕ್ಕಿಯ ದೊಡ್ಡ ಬುಟ್ಟಿ, ಅದರೊಳಗೆ ಚಿಂದಿಯ ಮೇಲೆ ಚುಕ್ಕಿ, ರೆಕ್ಕೆ ಹರಡಿ ಕಾವಿಗೆ ಕೂತಿದೆ. ಅವ್ವ ಕೈಯಲ್ಲಿ ಪೊರಕೆ ಹಿಡಿದು ಬೈಯುತ್ತಿದ್ದಾಳೆ.

"ಬಂದ್ಯಾ ಮಾಸ್ಟರಾ? ಮೊದ್ಲು ಈ ಹುಂಜನ ಒಯ್ಯಿ. ಕೋಳಿ ಕೂಗೋಕಿಂತ ಮೊದ್ಲ ಏಳಾಕಿ ನಾನು, ನನ್ನೇ ಎಬ್ಬಸ್ತೈತಿ!"

ಆದದ್ದು ಇಷ್ಟು. ನಾವು ಹೋದ ಮಾರನೆಯ ಬೆಳಿಗ್ಗೆ ನೀರು ಹಾಕಲು ಬಂದಾಗ ಜಾಲರಿಯ ಬುಡದಲ್ಲಿ ಮಣ್ಣು ಕೆದರಿದ್ದು ಅವ್ವನ ಕಣ್ಣಿಗೆ ಬಿದ್ದಿದೆ. ಬಿಲ ಇನ್ನೂ ಒಳಗೆ ಮುಟ್ಟಿರಲಿಲ್ಲ. ಇವತ್ತು ಅರ್ಧ ತೋಡಿದ ಮುಂಗುಸಿ ನಾಳೆ ಮುಗಿಸದೆ ಬಿಡುವುದಿಲ್ಲ ಎಂದು ಅವ್ವನಿಗೆ ಗೊತ್ತು. ಅವತ್ತು ಸಂಜೆಯೊಳಗೆ ಕೋಳಿಗಳನ್ನು ಸಾಗಿಸಬೇಕು, ಮುಟ್ಟದೆ ಸಾಗಿಸಬೇಕು. ಗೂಡಿನ ಬಾಗಿಲು ತೆಗೆದು, ಅಲ್ಲಿಂದ ಹಿತ್ತಲು ದಾಟಿ, ಓಣಿ ದಾಟಿ, ತನ್ನ ಹೊಸಿಲಿನವರೆಗೆ ಮಂಡಕ್ಕಿ ಚೆಲ್ಲುತ್ತ ಹೋದಳಂತೆ. ವರ್ಷಗಟ್ಟಲೆ ಕೋಲು ಹಿಡಿದು ಓಡಿಸಿದವಳು ಅವತ್ತು ದಾರಿ ಹಾಸಿ ಕರೆದಳು. ಫೌಜು ಸಾಲಾಗಿ ಹಿಂದೆಯೇ ಹೋಯಿತಂತೆ.

ಚುಕ್ಕಿ ಮಾತ್ರ ಏಳಲಿಲ್ಲ. ಮಂಡಕ್ಕಿ ಕೊಕ್ಕಿನ ಹತ್ತಿರ ಹಿಡಿದರೂ ಅವ್ವನ ಕೈ ಕುಕ್ಕಿತೇ ಹೊರತು ಎದ್ದು ಬರಲಿಲ್ಲ.

"ಮತ್ತೇನು ಮಾಡಿದ್ರಿ ಅವ್ವಾ?" ಹೆಂಡತಿ ಕೇಳಿದಳು.

ಅವ್ವ ಪೊರಕೆ ಗೋಡೆಗೆ ಆನಿಸಿದಳು. "ಆಕಿನ್ನ ಬಿಟ್ಟು ಬಾಗ್ಲಾ ಹಾಕ್ಕೊಂಡು ಮಕ್ಕೊಳ್ಳಾಕ ಆಗ್ತಿತ್ತೇನವಾ? ಸೆರಗು ಹಾಕಿ ಎತ್ತಿದೆ, ಬುಟ್ಟ್ಯಾಗ ಇಟ್ಟೆ. ತತ್ತಿ..." ಎಂದು ತನ್ನ ಅಂಗೈಯನ್ನೇ ನೋಡಿಕೊಂಡಳು. "ಒಂದೊಂದಾಗಿ ಈ ಕೈಲೇ ತೆಗದು ಇಟ್ಟೆ. ಬೆಚ್ಚಗಿದ್ವು. ಅಷ್ಟು ಬೆಚ್ಚಗಿರ್ತಾವಂತ ನನಗೇನು ಗೊತ್ತು..."

ಆಮೇಲೆ ಜಳಕ ಮಾಡಿ ಪೂಜೆಗೆ ಕೂತೆ ಅಂದಳು ಅವ್ವ.

ಉಳಿದ ಕೋಳಿಗಳನ್ನು ನಾವು ಅವತ್ತೇ ಮನೆಗೆ ತಂದೆವು. ಬುಟ್ಟಿಯನ್ನು ಎತ್ತಲು ಹೋದಾಗ ಅವ್ವ ಕೈ ಅಡ್ಡ ಹಾಕಿದಳು. "ಎರಡೆರಡು ಸಲ ಮನಿ ಬದ್ಲಿ ಮಾಡಿದ್ರ ಕಾವು ಬಿಟ್ಟು ಏಳ್ತಾಳ. ಮರಿ ಆಗಾಮಟ ಇಲ್ಲೇ ಇರ್ಲಿ." ಹೀಗೆ ಚುಕ್ಕಿಯ ಬಾಣಂತನ ಲಿಂಗ ಕಟ್ಟಿದವರ ಮನೆಯಲ್ಲಾಯಿತು. ಆ ದಿನಗಳಲ್ಲೇ ಒಮ್ಮೆ ಅವ್ವನ ಮೈದುನ ಬಂದರು. ಹೊಸಿಲಲ್ಲೇ ನಿಂತು, ಇದೇನು ಅತ್ತಿಗಿ, ನಮ್ಮ ಮನ್ಯಾಗ ಕೋಳಿನಾ, ಮಂದಿ ಏನಂದಾರು ಎಂದು ಗಂಟಲು ಏರಿಸಿದರು. ಮಂಡಕ್ಕಿ ಕೊಳ್ಳಲು ನಿಂತವರೆಲ್ಲ ಕೇಳುತ್ತಿದ್ದರು.

"ಒಳಗ ಬಾಣಂತಿ ಅದಾಳ, ಸಣ್ಣಗ ಮಾತಾಡು" ಅಂದಳು ಅವ್ವ. "ನೋಡ್ಕೊಂತೀನಿ ಅಂತ ಮಾತು ಕೊಟ್ಟೀನಿ. ಶಿವ ಕೇಳಿದ್ರ ನಾನು ಹೇಳ್ಕೊಂತೀನಿ. ನಿನ್ನ ಕೇಳಿದ್ರ ನನ್ನ ಕಡೆ ಕಳಸು."

ಮೈದುನರು ನೀರೂ ಕುಡಿಯದೆ ಹೋದರು. ಮತ್ತೆ ಬಹಳ ದಿನ ಬರಲಿಲ್ಲ.

ಮರಿಗಳಾದವು. ಎಲ್ಲವನ್ನೂ ನಮ್ಮ ಹಿತ್ತಲಿಗೆ ದಾಟಿಸಿದ ದಿನವೇ ಅವ್ವ ಪಡಸಾಲೆಯನ್ನು ಸೆಗಣಿಯಿಂದ ಸಾರಿಸಿ, ಕಟ್ಟೆಯ ಮೇಲೆ ಕೋಲು ಇಟ್ಟುಕೊಂಡು ಕೂತಳು. "ಇನ್ನ ಈ ಕಡೆ ಬರ್ರಿ, ಕಾಲು ಮುರೀತೀನಿ!" ನಾನು ಗೂಡಿನ ನೆಲವನ್ನು ಮೊಳದಷ್ಟು ಆಳ ಅಗೆದು ಕಡಪ ಕಲ್ಲು ಹಾಸಿದೆ. ಅವ್ವ ಬಂದು ಕೋಲಿನಿಂದ ಕುಟ್ಟಿ ನೋಡಿ, "ಈಗ ಮನಿ ಆತು" ಅಂದಳು. ಆ ಬುಟ್ಟಿಯಲ್ಲಿ ಮತ್ತೆಂದೂ ಮಂಡಕ್ಕಿ ತುಂಬಲಿಲ್ಲ. ಹಾಗಂತ ಬಿಸಾಡಲೂ ಇಲ್ಲ. ಪಡಸಾಲೆಯ ಗೂಟಕ್ಕೆ ನೇತುಹಾಕಿಕೊಂಡಳು.

ಆಮೇಲಿನ ಒಂದು ಬೇಸಿಗೆಯಲ್ಲಿ ಅವ್ವ ಲಿಂಗೈಕ್ಯಳಾದಳು. ಬಂಧುಗಳು ಬಂದು ಪಾತ್ರೆ, ಪೆಟ್ಟಿಗೆ, ಉಳಿದ ಬುಟ್ಟಿ ಎಲ್ಲ ಹಂಚಿಕೊಂಡು ಒಯ್ದರು. ಇದೊಂದನ್ನು ಮಾತ್ರ ಕಟ್ಟೆಯ ಮೇಲೆ ಬಿಟ್ಟು ಹೋದರು. ಕೋಳಿ ಕೂತ ಬುಟ್ಟಿ ಅಲ್ಲವೇ. ನಾನು ಓಣಿ ದಾಟಿ ಹೋಗಿ ತಂದುಕೊಂಡೆ.

ಈಗ ಮತ್ತೆ ಯುನಿಟ್ಟಿಗೆ ಬಿಡುವು. ಇನ್ನೊಂದು ಸಲ ಸಮುದ್ರ ನೋಡಬೇಕು ಅಂತ ಹೆಂಡತಿಯೇ ಕೇಳಿದ್ದಾಳೆ. ಚುಕ್ಕಿ ಹೋಗಿ ಬಹಳ ದಿನವಾಯಿತು. ಆ ಬುಟ್ಟಿಯಲ್ಲಿ ಹುಟ್ಟಿದ ಮರಿಗಳಲ್ಲಿ ಒಂದು ಉಳಿದಿದೆ, ಮೈ ತುಂಬ ತಾಯಿಯಂಥದೇ ಚುಕ್ಕೆ. ಅವ್ವನ ಮನೆಯಲ್ಲಿ ಈಗ ಓಬಳಾಪುರ ಕಡೆಯ ಹೊಸ ದಂಪತಿ ಬಾಡಿಗೆಗಿದ್ದಾರೆ. ಈ ಸಲ ನಾನು ತಡಮಾಡಲಿಲ್ಲ. ನಿನ್ನೆ ಸಂಜೆ ನೆಟ್ಟಗೆ ಓಣಿ ದಾಟಿ ಹೋಗಿ ಕೇಳಿದೆ.

"ನೋಡ್ಕೊಂತೀನ್ರಿ ಮಾಸ್ಟರ್, ಆದ್ರ ಕುಕ್ತಾವಲ್ರೀ ಅವು. ಮುಟ್ಟಾಕ ನನಗ ಭಯ" ಅಂದಿತು ಆ ಹುಡುಗಿ.

"ಮುಟ್ಟಾದೇನೂ ಬ್ಯಾಡವಾ" ಅಂದೆ. "ಹೆಂಗ ಕರೀಬೇಕು ತೋರಸ್ತೀನಿ, ಬಾ."

ಬುಟ್ಟಿಗೆ ಮಂಡಕ್ಕಿ ತುಂಬಿಕೊಂಡು ನಮ್ಮ ಗೂಡಿನಿಂದ ಅವಳ ಹೊಸಿಲಿನವರೆಗೆ ಚೆಲ್ಲುತ್ತ ಬಂದೆ. ಕೋಳಿಗಳು ಹೆಕ್ಕುತ್ತ ಸಾಲಾಗಿ ಬಂದವು. ಚುಕ್ಕೆಯದು ಮಾತ್ರ ನೆಲದ ಮಂಡಕ್ಕಿಯತ್ತ ತಿರುಗಿಯೂ ನೋಡಲಿಲ್ಲ. ಎಲ್ಲವನ್ನೂ ದಾಟಿ ಮುಂದೆ ಬಂದು, ಕಟ್ಟೆ ಹಾರಿ, ಪಡಸಾಲೆಗೆ ನುಗ್ಗಿ, ತಾನು ಹುಟ್ಟಿದ ಆ ಮೂಲೆಯಲ್ಲಿ ಹೋಗಿ ನಿಂತು ಕತ್ತು ಕೊಂಕಿಸಿ ಅತ್ತಿತ್ತ ನೋಡಿತು.

ಅಲ್ಲಿ ಏನೂ ಇರಲಿಲ್ಲ. ಬುಟ್ಟಿ ನನ್ನ ಕೈಯಲ್ಲಿತ್ತು.