ಅತ್ತೆಯನ್ನು ನೆಲಕ್ಕೆ ಇಳಿಸಿದ್ದರು

ಕೋಣೆಯ ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟೆ. ಮಂಚ ಖಾಲಿಯಿತ್ತು. ನನ್ನ ಸೋದರತ್ತೆ ನೆಲದ ಮೇಲೆ, ಚಾಪೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ನಮ್ಮ ಕಡೆ ಕಾಯಿಲೆಯವರನ್ನು ಮಂಚದಿಂದ ನೆಲಕ್ಕೆ ಇಳಿಸುವುದು ಜೀವ ಹೋಗುವ ಹೊತ್ತಿಗೆ ಮಾತ್ರ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರ್ ಹೇಳಿದ್ದು ನಿಜ. ಆದರೂ ಕೊಪ್ಪದ ಆ ವೃದ್ಧಾಶ್ರಮದವರು ನನಗೊಂದು ಫೋನಾದರೂ ಮಾಡಬಾರದಿತ್ತೇ ಎಂದು ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

ಅತ್ತೆ ಕಣ್ಣು ಬಿಟ್ಟರು. “ಎಂತಕ್ಕೆ ಅಳ್ತೀಯೆ ಮಾರಾಯ್ತಿ? ಈಗಷ್ಟೇ ಒಂಚೂರು ನಿದ್ದೆ ಹತ್ತಿತ್ತು” ಎಂದು ಗೊಣಗಿದರು.

ಪಕ್ಕದಲ್ಲೇ ಕೂತು ಅವರ ಕಾಲು ನೀವುತ್ತಿದ್ದ, ಆಶ್ರಮದಲ್ಲಿ ಆರೈಕೆ ಮಾಡುವ ಸುಮಿತ್ರಕ್ಕ ನಕ್ಕರು. “ಬಿದ್ದುಹೋಗ್ತೀನಿ ಅಂತ ಹೆದರಿ ಅಜ್ಜಿ ಮಂಚದಲ್ಲಿ ನಿದ್ದೆನೇ ಮಾಡ್ತಿರ್ಲಿಲ್ಲ. ಮೊದಲಿಂದಲೂ ಚಾಪೇಲೇ ಮಲಗಿ ಅಭ್ಯಾಸವಂತೆ. ಡಾಕ್ಟ್ರನ್ನ ಕೇಳಿ ಕೆಳಗೇ ಹಾಸಿಕೊಟ್ವಿ” ಎಂದರು. ಬೆನ್ನು ಹುಣ್ಣಾಗದಂತೆ ಚಾಪೆಯ ಅಡಿಗೆ ಮೆತ್ತನೆಯ ಹಾಸಿಗೆ ಹಾಕಿದ್ದು ನನಗೆ ಕಂಡದ್ದು ಆಗಲೇ.

“ಬಗ್ಗಿ ಬಗ್ಗಿ ನಿಮಗೆ ಸೊಂಟ ನೋಯುವುದಿಲ್ವಾ?” ಎಂದೆ.

“ನೋಯ್ತದೆ. ಅದಕ್ಕೇ ನಾನೂ ಇಲ್ಲೇ ಮಲಗ್ತೀನಿ” ಎಂದು ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಚಾಪೆ ತೋರಿಸಿದರು.

“ಗೊರಕೆ ಹೊಡೀತಾಳೆ” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಮುಂದಿನ ವಾರ ಅತ್ತೆ ಸುಮಿತ್ರಕ್ಕನ ಕೈ ಹಿಡಿದುಕೊಂಡೇ ಹೋದರು. ಕೊನೆಯ ಗಳಿಗೆಯಲ್ಲಿ ಯಾರೂ ಗಡಿಬಿಡಿ ಮಾಡಲಿಲ್ಲ, ಅವರನ್ನು ಎತ್ತಿ ಕೆಳಗಿಳಿಸಬೇಕಾಗಿಯೂ ಬರಲಿಲ್ಲ. ಅತ್ತೆ ಆಗಲೇ ತಮ್ಮ ಚಾಪೆಯ ಮೇಲೇ ಇದ್ದರು.