ಕತ್ತರಿಸಿ ತೆಗೆದ ಪ್ರಶ್ನೆಗಳು

ನನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ನಮ್ಮೂರಿನ ರೇಡಿಯೊ ಕೇಂದ್ರದಲ್ಲಿ ಉದ್ಘೋಷಕಿಯಾಗಿದ್ದಳು. ಹೆಚ್ಚಾಗಿ ಬೆಳಗಿನ ಪಾಳಿಯೇ ಅವಳದು. ಐದು ಗಂಟೆಗೆ ಕೇಂದ್ರದ ವ್ಯಾನು ಮನೆ ಮುಂದೆ ನಿಲ್ಲುತ್ತಿತ್ತು. ಆರಕ್ಕೆ ಐದು ನಿಮಿಷ ಇರುವಾಗ ಅವಳ ದನಿ ಊರಿನ ಅಡುಗೆಮನೆಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಬಸ್ ನಿಲ್ದಾಣದ ಚಹಾ ಬಂಡಿಗಳಲ್ಲಿ ಒಟ್ಟಿಗೇ ಏಳುತ್ತಿತ್ತು. ಅವಳು ಮದುವೆಯಾಗಲಿಲ್ಲ. "ನಿಮ್ಮ ದೊಡ್ಡಮ್ಮ ಬೆಳಗಿನ ಪಾಳೀನೇ ಕಟ್ಕೊಂಡ್ಲು" ಎಂದು ನನ್ನ ಅಮ್ಮ ನಗಾಡುತ್ತಿದ್ದಳು.

ದೊಡ್ಡಮ್ಮನ ಜೊತೆಗಿದ್ದದ್ದು ಅಜ್ಜಿ, ಅಂದರೆ ಅವಳ ಮತ್ತು ನನ್ನ ಅಮ್ಮನ ತಾಯಿ. ವ್ಯಾನು ಹೋದ ಮೇಲೆ ಅಜ್ಜಿ ಮತ್ತೆ ಮಲಗುತ್ತಿರಲಿಲ್ಲ. ರೇಡಿಯೊ ಹಚ್ಚಿ, ಗೋಡೆಗೆ ಒರಗಿ ಕೂತು, ಮಗಳು ಹೇಳುವ ಹವಾಮಾನ, ಮಾರುಕಟ್ಟೆ ಧಾರಣೆ, ಬಾವಿ ಪಂಪಿನ ರಿಪೇರಿಯ ವಿಚಾರ ಎಲ್ಲವನ್ನೂ ಕೇಳುತ್ತಿದ್ದಳು. ಮಾರುಕಟ್ಟೆ ಧಾರಣೆಯಿಂದ ಅಜ್ಜಿಗೆ ಆಗಬೇಕಾದ್ದೇನೂ ಇರಲಿಲ್ಲ. ಏಳೂವರೆಯ ಹೊತ್ತಿಗೆ ಕೇಂದ್ರದ ಡ್ಯೂಟಿ ರೂಮಿನ ಫೋನು ಹೊಡೆದುಕೊಳ್ಳುತ್ತಿತ್ತು. "ಅವಳ ದನಿ ಒಣಗಿದೆ. ಇನ್ನೂ ಏನೂ ತಿಂದಿಲ್ಲ. ತಿನ್ನೋಕೆ ಹೇಳಿ" ಎಂದು ಹೇಳಿ ಅಜ್ಜಿ ಫೋನಿಡುತ್ತಿದ್ದಳು. ಒಂದು ದಿನವೂ ಅವಳ ಊಹೆ ತಪ್ಪಿರಲಿಲ್ಲವಂತೆ.

ಅಜ್ಜಿಗೆ ಈಗ ತೊಂಬತ್ತೊಂದು. ಎರಡೂ ಕಣ್ಣು ಹೋಗಿ ಆರು ವರ್ಷವಾಯಿತು.

ಹೋದ ವರ್ಷ ದೊಡ್ಡಮ್ಮನ ಗಂಟಲು ಕಟ್ಟಿತು. ಕಷಾಯ, ಮಾತ್ರೆ, ಹಬೆ ಎಂದು ಮೂರು ತಿಂಗಳು ಕಳೆದಳು. ಆಮೇಲೆ ಡಾಕ್ಟರು ಗಡ್ಡೆ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಪರೇಷನ್ನಿನ ಹಿಂದಿನ ದಿನ ನಾನು ಮೊಬೈಲ್ ಹಿಡಿದು, "ಏನಾದರೂ ಹೇಳು ದೊಡ್ಡಮ್ಮ, ರೆಕಾರ್ಡ್ ಮಾಡ್ಕೊಳ್ತೀನಿ" ಎಂದೆ. ಅವಳ ದನಿ ಆಗ ತಗಡಿನ ಮೇಲೆ ಮರಳು ಉಜ್ಜಿದಂತಿತ್ತು. ಫೋನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ಇದನ್ನಾ? ಇದು ಪ್ರಸಾರಕ್ಕೆ ಯೋಗ್ಯ ಅಲ್ಲ."

ನಾನು ಕೇಳಿದ ಅವಳ ಕೊನೆಯ ಮಾತು ಅದೇ.

ಆಸ್ಪತ್ರೆಯಿಂದ ಬಂದ ಮೇಲೆ ದೊಡ್ಡಮ್ಮ ಸ್ಲೇಟು ಹಿಡಿದಳು. ನಮಗೆಲ್ಲ ಅದು ಸಾಕಾಗುತ್ತಿತ್ತು. ಅಜ್ಜಿಗೆ ಸ್ಲೇಟು ಎಲ್ಲಿ ಕಾಣಬೇಕು? ದೊಡ್ಡಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದರೆ ಅಜ್ಜಿ ಆ ಕೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಸವರಿ ನೋಡಿ ಬಿಟ್ಟುಬಿಡುತ್ತಿದ್ದಳು. ದೊಡ್ಡಮ್ಮ ಹದಿನೆಂಟು ಕಿಲೊ ಇಳಿದಿದ್ದಳು. "ನನ್ನ ಮಗಳದು ತುಂಬು ಕೈ. ಇದು ಯಾರದೋ ಕಡ್ಡಿ ಕೈ" ಎನ್ನುತ್ತಿದ್ದಳು ಅಜ್ಜಿ. ನಾವು ಆಣೆ ಮಾಡಿ ಹೇಳಿದೆವು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆವು. ಕೇಳಿಸಿಕೊಂಡು ತಲೆಯಾಡಿಸುತ್ತಿದ್ದಳು, ಮಾರನೆಯ ಬೆಳಗಿಗೆ ಮರೆತಿರುತ್ತಿದ್ದಳು. "ಮಗಳಾದ್ರೆ ಮಾತಾಡ್ಲಿ" ಎಂಬ ಒಂದೇ ಹಟ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದರ ಜೇನುಹುಳದ ಸದ್ದಿಗೆ ಅಜ್ಜಿ ಹೆದರಿ ಹೊದಿಕೆ ಎಳೆದುಕೊಂಡಳು. ಅಂದೇ ಆ ಯಂತ್ರ ಕಪಾಟು ಸೇರಿತು. ತನ್ನನ್ನು ನೋಡಿಕೊಳ್ಳಲು ಮೂಗಿ ನರ್ಸೊಬ್ಬಳನ್ನು ಇಟ್ಟಿದ್ದಾರೆ ಎಂದು ಅಜ್ಜಿ ಕೊನೆಗೆ ತನಗೆ ತಾನೇ ತೀರ್ಮಾನಿಸಿಕೊಂಡಳು. ದೊಡ್ಡಮ್ಮ ಊಟ ಮಾಡಿಸಿದರೆ "ನಿಮಗೆ ಪುಣ್ಯ ಬರಲಿ ತಾಯಿ" ಎನ್ನುತ್ತಿದ್ದಳು. ಬಹುವಚನದಲ್ಲಿ.

ಒಂದು ಬೆಳಿಗ್ಗೆ ದೊಡ್ಡಮ್ಮ ಸ್ಲೇಟಿನ ಮೇಲೆ ಬರೆದು ನನಗೆ ತೋರಿಸಿದಳು. 'ನನ್ನ ದನಿ ಎಲ್ಲಾದರೂ ಇದೆಯಾ ಹುಡುಕು. ಒಂದು ಸಲ ಅಮ್ಮನಿಗೆ ಕೇಳಿಸಿದರೆ ಸಾಕು. ಕೇಳುವಾಗ ನಾನು ಅವಳ ಕೈ ಹಿಡಿದಿರುತ್ತೇನೆ.'

ಇಪ್ಪತ್ತೊಂಬತ್ತು ವರ್ಷ ಮಾತಾಡಿದವಳ ದನಿ ಹುಡುಕುವುದೇನು ಕಷ್ಟ ಎಂದುಕೊಂಡೆ. ಆದರೆ ಅವಳ ಉದ್ಘೋಷಣೆಗಳೆಲ್ಲ ನೇರ ಪ್ರಸಾರ; ಹೇಳಿದ ಕ್ಷಣಕ್ಕೆ ಗಾಳಿಗೆ ಹೋದವು. ಧ್ವನಿಮುದ್ರಿಸಿದ ಕಾರ್ಯಕ್ರಮಗಳ ಟೇಪುಗಳನ್ನು ಪ್ರಸಾರದ ಮರುವಾರವೇ ಅಳಿಸಿ ಮತ್ತೆ ಬಳಸುತ್ತಿದ್ದರು. ಮನೆಯಲ್ಲಿ ಅವಳು ಯಾವ ಯಂತ್ರದ ಮುಂದೆಯೂ ಬಾಯಿ ಬಿಟ್ಟವಳಲ್ಲ, "ಡ್ಯೂಟಿ ಮುಗೀತು" ಎನ್ನುತ್ತಿದ್ದಳು. ಅಮ್ಮನ ಮದುವೆಯ ವಿಡಿಯೊದಲ್ಲಿ ಅವಳ ತುಟಿ ಅಲ್ಲಾಡುತ್ತದೆ, ಆದರೆ ಮೇಲೆ ಉದ್ದಕ್ಕೂ ವಾದ್ಯದ ಸದ್ದು ಹಾಕಿದ್ದಾರೆ. ಕೇಂದ್ರಕ್ಕೆ ಹೋದೆ. ಸ್ಟುಡಿಯೊ ಇದ್ದ ಕೋಣೆಯಲ್ಲಿ ಈಗ ಒಂದು ಕಂಪ್ಯೂಟರು, ಎರಡು ಕುರ್ಚಿ. ಕಾರ್ಯಕ್ರಮಗಳು ಬೇರೆ ಊರಿನಿಂದ ಬರುತ್ತವೆ. ಅಲ್ಲಿದ್ದವರು ಹಳಬರಿಬ್ಬರ ಫೋನ್ ನಂಬರು ಕೊಟ್ಟರು.

ಒಬ್ಬರು ಎಂಜಿನಿಯರು. ಇನ್ನೊಬ್ಬರು ಟೇಪ್ ಲೈಬ್ರರಿ ನೋಡಿಕೊಳ್ಳುತ್ತಿದ್ದವರು. ವಾರಕ್ಕೊಮ್ಮೆ ಟೇಪುಗಳನ್ನು ದೊಡ್ಡ ಅಯಸ್ಕಾಂತದ ಯಂತ್ರದ ಮೇಲಿಟ್ಟು ಅಳಿಸುವುದು ಅವರ ಕೆಲಸವಾಗಿದ್ದರಿಂದ ಕೇಂದ್ರದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಒರೆಸಪ್ಪ ಎಂದು. ನಾನು ಫೋನಿನಲ್ಲಿ ಅವರಿಗೆ ವಿಷಯ ಹೇಳಿದೆ.

"ಒಂದು ಟೇಪ್ ನನ್ನ ಹತ್ರ ಇದೆ ಕಣಮ್ಮ" ಎಂದರು. "ಅಳಿಸೋ ಪಟ್ಟೀಲಿತ್ತು. ನಾನು ಅಳಿಸಲಿಲ್ಲ."

ಅದು ಹೊಳೆ ದಾಟಿಸುತ್ತಿದ್ದ ದೋಣಿಯ ಮುದುಕಿಯೊಬ್ಬಳ ಜೊತೆ ದೊಡ್ಡಮ್ಮ ನಡೆಸಿದ ಮಾತುಕತೆ. ಎರಡು ಟೇಪಿದ್ದವು. ಒಂದು ದಡದ ಮೇಲೆ ಕೂತು ಮುದ್ರಿಸಿಕೊಂಡದ್ದು, ಪ್ರಶ್ನೆ ಉತ್ತರ ನಗು ಎಲ್ಲ ಇದ್ದದ್ದು. ಇನ್ನೊಂದು ದೊಡ್ಡಮ್ಮ ಕತ್ತರಿಸಿ ಜೋಡಿಸಿ ಪ್ರಸಾರಕ್ಕೆ ಸಿದ್ಧಮಾಡಿದ್ದು. ಮೊದಲನೆಯದನ್ನು ಒರೆಸಪ್ಪ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ದಿದ್ದರು. "ಅದ್ರಲ್ಲಿ ಅಕ್ಕ ನಗ್ತಾರೆ. ಅಂಥದ್ದನ್ನ ಅಯಸ್ಕಾಂತದ ಮೇಲೆ ಇಡೋಕೆ ಮನಸ್ಸಾಗ್ಲಿಲ್ಲ" ಎಂದರು.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಎಂಜಿನಿಯರು ಟೇಪು ಓಡಿಸುವ ತಮ್ಮ ಹಳೆಯ ಸ್ಪೂಲ್ ಯಂತ್ರವನ್ನು ಆಟೊದಿಂದ ತಾವೇ ಇಳಿಸಿದರು, ಯಾರಿಗೂ ಮುಟ್ಟಗೊಡಲಿಲ್ಲ. ಟೇಪಿನ ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ಬೆರಳಿಗೆ ಕಂದು ಪುಡಿ ಹತ್ತಿತು.

"ಉದುರ್ತಾ ಇದೆ. ಒಂದು ಸಲ ಓಡುತ್ತೆ, ಎರಡನೇ ಸಲಕ್ಕೆ ನಾನು ಗ್ಯಾರಂಟಿ ಅಲ್ಲ. ಅಮ್ಮಾವ್ರ ಎದುರಿಗೇ ಹಾಕೋಣ. ನೀನು ಮೊಬೈಲಲ್ಲಿ ಹಿಡ್ಕೊ" ಎಂದರು ನನಗೆ.

ಅಜ್ಜಿ ಮಲಗುವ ಕೋಣೆಯ ಮೇಜಿನ ಮೇಲೆ ಯಂತ್ರ ಕೂತಿತು. ಅಜ್ಜಿ ನಿದ್ದೆಯಲ್ಲಿದ್ದಳು. ಅವಳು ಏಳುವವರೆಗೆ ಎಂಜಿನಿಯರು ಹತ್ತಿಯಿಂದ ಯಂತ್ರದ ಭಾಗಗಳನ್ನು ಒರೆಸುತ್ತ ಕೂತರು. ಮಾತು ತಾನಾಗಿ ಹಳೆಯ ಕೇಂದ್ರದ ಕಡೆ ತಿರುಗಿತು.

"ಅಕ್ಕ ಸ್ಟುಡಿಯೊ ಒಳಗೆ ಚಪ್ಪಲಿ ಹಾಕ್ತಿರ್ಲಿಲ್ಲ. ನನಗೂ ಬಿಡ್ತಿರ್ಲಿಲ್ಲ. ನನ್ನ ಸಾಕ್ಸಲ್ಲಿ ತೂತು" ಎಂದರು ಎಂಜಿನಿಯರು.

"ತೂತಲ್ಲ, ಕಿಟಕಿ. ಐದೂ ಬೆರಳು ಹೊರಗೆ ನೋಡ್ತಿದ್ವು" ಎಂದರು ಒರೆಸಪ್ಪ.

"ನೀನು ಸುಮ್ನಿರಪ್ಪ. ದೊಡ್ಡ ಸಾಹೇಬ್ರ ಭಾಷಣ ಪ್ರಸಾರಕ್ಕೆ ಮುಂಚೇನೇ ಒರೆಸಿದವನು."

"ಊರಿಗೆ ಉಪಕಾರ ಮಾಡ್ದೆ. ಆ ಹತ್ತು ನಿಮಿಷ ಅಕ್ಕ ಏನು ಮಾಡಿದ್ರು ಗೊತ್ತೇನಮ್ಮ? ಬಸ್ಸಿನ ವೇಳಾಪಟ್ಟಿ ತರಿಸ್ಕೊಂಡು ಓದಿದ್ರು. ಮಾರನೇ ದಿನ ಕೇಳುಗರ ಕಾಗದ ಬಂತು, ಅದೇ ಕಾರ್ಯಕ್ರಮ ಮತ್ತೆ ಹಾಕಿ ಅಂತ."

ದೊಡ್ಡಮ್ಮ ನಕ್ಕಳು. ಸದ್ದಿಲ್ಲದ ಆ ನಗುವಿಗೆ ಅವಳ ಭುಜಗಳು ಮಾತ್ರ ಅಲುಗಿದವು. ಗಂಡಸರಿಬ್ಬರೂ ತಟ್ಟನೆ ಬೇರೆ ಕಡೆ ನೋಡಿದರು.

"ಎಡಿಟಿಂಗಲ್ಲಿ ಮಾತ್ರ ರಾಕ್ಷಸಿ" ಎಂದು ಎಂಜಿನಿಯರು ಹತ್ತಿ ಬದಲಿಸಿ ಶುರುಮಾಡಿದರು. "ಬ್ಲೇಡು ಹಿಡಿದ್ರೆ ತಮ್ಮ ಪ್ರಶ್ನೆಗಳನ್ನೆಲ್ಲ ಕತ್ತರಿಸಿ ಬುಟ್ಟಿಗೆ ಹಾಕೋರು. ನಾನು ಹೇಳ್ತಿದ್ದೆ, ಅಕ್ಕಾ, ಒಂದೆರಡಾದ್ರೂ ಇರ್ಲಿ ಅಂತ. ಜನ ರೇಡಿಯೊ ಹಚ್ಚೋದು ಬಂದವರ ಮಾತು ಕೇಳೋಕೆ, ನನ್ನದನ್ನಲ್ಲ ಅನ್ನೋರು. ಒಂದು 'ಹೂಂ' ಉಳಿದ್ರೂ ನಿದ್ದೆ ಬರ್ತಿರ್ಲಿಲ್ಲ ಇವರಿಗೆ."

ಅಜ್ಜಿ ಎದ್ದಳು. ನಾನು ದಿಂಬು ಸರಿಮಾಡಿ ಕೂರಿಸಿದೆ. "ಅಜ್ಜೀ, ದೊಡ್ಡಮ್ಮನ ರೇಡಿಯೊ ಕಾರ್ಯಕ್ರಮ ಹಾಕ್ತೀವಿ, ಕೇಳ್ತೀಯಾ?" ಎಂದೆ. ಅವಳ ಮುಖ ಬೆಳಗಿದ್ದನ್ನು ನಾನು ಬರೆಯಲಾರೆ. ಕೆದರಿದ ಕೂದಲನ್ನು ಕೈಯಿಂದ ಹಿಂದಕ್ಕೆ ಒತ್ತಿಕೊಂಡಳು, ಯಾರೋ ಮನೆಗೆ ಬರುವವರಿದ್ದಾರೆ ಎಂಬಂತೆ. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತು ಅಜ್ಜಿಯ ಬಲಗೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು.

ಎಂಜಿನಿಯರು ಗುಂಡಿ ಒತ್ತಿದರು. ಸ್ಪೂಲು ತಿರುಗಿತು. ಮೊದಲು ನೀರಿನ ಸದ್ದು, ದೋಣಿಗೆ ಹುಟ್ಟು ತಾಗುವ ಸದ್ದು. ಆಮೇಲೆ ಒಬ್ಬ ಮುದುಕಿಯ ದನಿ.

"ನಾನು ಹುಟ್ಟು ಹಿಡಿದಾಗ ಹನ್ನೆರಡು ವರ್ಷ. ಅಪ್ಪ ಜ್ವರದಲ್ಲಿ ಮಲಗಿದ್ದ. ದಡದಲ್ಲಿ ಜನ ಕೂಗ್ತಿದ್ರು..."

ಅವಳು ನಿಲ್ಲಿಸಿದಳು. ಈಗ ಪ್ರಶ್ನೆ ಬರುತ್ತದೆ ಎಂದು ನಾವು ನಾಲ್ವರೂ ಯಂತ್ರದ ಕಡೆ ಬಗ್ಗಿದೆವು. ನೀರು ಸ್ವಲ್ಪ ಹೊತ್ತು ಸದ್ದು ಮಾಡಿತು. ಮುದುಕಿ ಮುಂದುವರಿಸಿದಳು.

"ಹೆದರಿಕೆ ಇಲ್ದೆ ಇರುತ್ತಾ. ಆದ್ರೆ ಹೆದರೋದಕ್ಕೆ ಪುರುಸೊತ್ತು ಬೇಕಲ್ಲ."

ಒರೆಸಪ್ಪ ಡಬ್ಬಿಯನ್ನು ತಿರುಗಿಸಿ ನೋಡಿದರು. 'ಕಚ್ಚಾ ಪ್ರತಿ' ಎಂದು ಅವರದೇ ಅಕ್ಷರ. ಮತ್ತೆ ಯಂತ್ರ ನೋಡಿದರು. ಓಡುತ್ತಿದ್ದ ಟೇಪಿನಲ್ಲಿ ಅಲ್ಲಲ್ಲಿ ಬಿಳಿಯ ಅಂಟುಪಟ್ಟಿಯ ತುಂಡುಗಳು ಒಂದಾದ ಮೇಲೊಂದು ಹಾದುಹೋಗುತ್ತಿದ್ದವು. ಕತ್ತರಿಸಿ ಅಂಟಿಸಿದ ಜಾಗಗಳು. ಕಚ್ಚಾ ಪ್ರತಿಯಲ್ಲಿ ಅಂಟುಪಟ್ಟಿ ಇರುವುದಿಲ್ಲ. ಅವರಿಗೆ ಗೊತ್ತಾಯಿತು. ದೊಡ್ಡಮ್ಮನಿಗೂ ಗೊತ್ತಾಯಿತು, ಬಹುಶಃ ಅವರಿಗಿಂತ ಮೊದಲೇ.

"ಡಬ್ಬಿ ಅದಲುಬದಲಾಗಿದೆ" ಎಂದರು ಒರೆಸಪ್ಪ, ಉಸಿರಿನಷ್ಟು ಮೆಲ್ಲಗೆ. "ನಗು ಇದ್ದದ್ದನ್ನ ಅಯಸ್ಕಾಂತದ ಮೇಲೆ ಇಟ್ಟೆ. ನನ್ನ ಕೈಯಾರೆ ಇಟ್ಟೆ."

ಯಾರೂ ಯಂತ್ರ ನಿಲ್ಲಿಸಲಿಲ್ಲ. ಎಲ್ಲಾದರೂ ಒಂದು ಪದ ಉಳಿದಿರಬಹುದು ಎಂಬ ಆಸೆ. ಇಪ್ಪತ್ತೆರಡು ನಿಮಿಷ ನಾವು ಆ ಮುದುಕಿಯ ಪ್ರತಿ ನಿಲುಗಡೆಯಲ್ಲೂ ಕಿವಿ ಇಟ್ಟೆವು. ಅವಳು ನೆರೆ ಬಂದ ವರ್ಷ ನೆನೆದಳು. ನಡುಹೊಳೆಯಲ್ಲಿ ಹೆತ್ತ ಹೆಂಗಸೊಬ್ಬಳ ಸುದ್ದಿ ಹೇಳಿದಳು. ಯಾರೋ ತುಂಬ ಹತ್ತಿರ ಕೂತು, ತುಂಬ ಸರಿಯಾದದ್ದನ್ನೇ ಕೇಳಿದ್ದರಿಂದ ಅವಳು ಇಷ್ಟೆಲ್ಲ ಹೇಳುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಆ ಯಾರೋ ಎಲ್ಲಿಯೂ ಇರಲಿಲ್ಲ. ಉಸಿರೂ ಉಳಿದಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ದೊಡ್ಡಮ್ಮ ತನ್ನನ್ನು ತೆಗೆದುಹಾಕಿದ್ದಳು.

ಟೇಪು ಮುಗಿದು ತುದಿ ಟಪ ಟಪ ಹೊಡೆಯತೊಡಗಿತು. ಎಂಜಿನಿಯರು ಕೈಯಿಂದ ಸ್ಪೂಲು ಹಿಡಿದು ನಿಲ್ಲಿಸಿದರು. ಮೇಜಿನ ಬಟ್ಟೆಯ ಮೇಲೆ ಕಂದು ಪುಡಿ ಗೆರೆ ಎಳೆದಂತೆ ಬಿದ್ದಿತ್ತು.

ಒರೆಸಪ್ಪ ದೊಡ್ಡಮ್ಮನ ಮುಂದೆ ಬಂದು ನಿಂತರು. ದೊಡ್ಡಮ್ಮ ಒಂದು ಕೈಯನ್ನು ಬಿಡಿಸಿಕೊಂಡು ಮಡಿಲಲ್ಲಿದ್ದ ಸ್ಲೇಟಿನ ಮೇಲೆ ಬರೆದು ಅವರ ಕಡೆ ತಿರುಗಿಸಿದಳು. 'ಎಡಿಟಿಂಗ್ ಚೆನ್ನಾಗಿದೆ, ಅಲ್ವಾ?' ಅವರು ಓದಿ, ಗೋಡೆಯ ಕಡೆ ತಿರುಗಿ, ಭುಜದ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಅಜ್ಜಿ ಇನ್ನೂ ಕಾಯುತ್ತಿದ್ದಳು.

"ಮುಗೀತಾ?" ಎಂದಳು.

"ಮುಗೀತು ಅಜ್ಜಿ."

"ಚೆನ್ನಾಗಿ ಹೇಳಿದ್ಲು, ಪಾಪ." ಅಜ್ಜಿ ಯಂತ್ರವಿದ್ದ ಕಡೆ ಮುಖ ತಿರುಗಿಸಿದಳು. "ಒಬ್ಬಳೇ ಮಾತಾಡ್ತಿದ್ದಾಳಲ್ಲ ಮಗಾ. ಎದುರಿಗೆ ಯಾರೂ ಇಲ್ಲ. ನನ್ನ ಮಗಳಾದ್ರೂ ಅಲ್ಲಿ ಹೋಗಿ ಕೂರಬಾರ್ದಿತ್ತಾ?"

ದೊಡ್ಡಮ್ಮನ ಬೆರಳುಗಳು ಅಜ್ಜಿಯ ಕೈಯನ್ನು ಬಿಗಿಯಾಗಿ ಒತ್ತಿದವು. ಅಜ್ಜಿಗೆ ಆ ಒತ್ತು ತಾಗಿರಬೇಕು. ಆಚೆ ಕೈಯಿಂದ ಆ ಬೆರಳುಗಳನ್ನು ಒಂದೊಂದಾಗಿ, ಮರ್ಯಾದೆಯಿಂದ, ಬಿಡಿಸಿದಳು.

"ನೀವು ಬೆಳಗಿಂದ ಇಲ್ಲೇ ಇದ್ದೀರಿ ತಾಯಿ. ಹೋಗಿ ಸ್ವಲ್ಪ ಮಲಗಿ. ಅವಳು ಬರೋ ಹೊತ್ತಾಯ್ತು, ಅವಳೇ ಕೂತ್ಕೋತಾಳೆ ನನ್ನ ಹತ್ರ."

ದೊಡ್ಡಮ್ಮ ಎದ್ದು, ಅಜ್ಜಿಯ ಕಾಲ ಮೇಲೆ ಹೊದಿಕೆ ಎಳೆದು, ಹೊರಗೆ ಬಂದಳು.